ಹಂಚಿನ ಮನೆಗೆ ವೈಫೈ ಸೇತುವೆ: ಹಳೆ ರೂಟರ್ ಜೊತೆ ಮೂರು ತಿಂಗಳು

ಬ್ರಹ್ಮಾವರದ ಹತ್ತಿರ ನಮ್ಮ ಮನೆ. ಮನೆ ಅಂದರೆ ಒಂದೇ ಅಂಗಳದ ಆಚೆ ಈಚೆ ಎರಡು ಮನೆ. ಈಚೆ ಅಪ್ಪ ಕಟ್ಟಿಸಿದ ತಾರಸಿ ಮನೆ. ಆಚೆ ಅಜ್ಜನ ಕಾಲದ ಹಂಚಿನ ಮನೆ, ಅಲ್ಲಿ ದೊಡ್ಡಪ್ಪ, ದೊಡ್ಡಮ್ಮ ಇದ್ದಾರೆ. ನಡುವೆ ಹೆಚ್ಚೆಂದರೆ 30 ಮೀಟರ್ ಅಂಗಳ, ಒಂದು ಹಲಸಿನ ಮರ. ಫೈಬರ್ ಇಂಟರ್ನೆಟ್ ಬಂದದ್ದು ತಾರಸಿ ಮನೆಗೆ.

ದೊಡ್ಡಪ್ಪನ ಟಿವಿಗೆ ವೈಫೈ ಹಿಡಿಯುವುದು ನಿಂತು ಎರಡು ವರ್ಷ ಆಯಿತು. ಅದರ ಹಿಂಬದಿಯ ಲ್ಯಾನ್ ಪೋರ್ಟ್, ಅಂದರೆ ನೆಟ್‌ವರ್ಕ್ ತಂತಿ ಸಿಕ್ಕಿಸುವ ಕಿಂಡಿ, ಮಾತ್ರ ಸರಿ ಇದೆ. ಅದರ ಪಕ್ಕದಲ್ಲೇ ಸಿಸಿಟಿವಿ ಕ್ಯಾಮೆರಾದ ಚಿತ್ರ ದಾಖಲಿಸುವ ಪೆಟ್ಟಿಗೆ (ಡಿವಿಆರ್), ಅದಕ್ಕೂ ಲ್ಯಾನ್ ಪೋರ್ಟ್ ಒಂದೇ ಗತಿ. ದೊಡ್ಡಪ್ಪನಿಗೆ ಟಿವಿಯಲ್ಲಿ ಯಕ್ಷಗಾನ ಲೈವ್ ನೋಡಬೇಕು. ಅಮ್ಮನಿಗೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ತಾರಸಿ ಮನೆಯಲ್ಲೇ ಕೂತು ಫೋನಿನಲ್ಲಿ ನೋಡಬೇಕು. ಕೆಲಸ ಇಷ್ಟೇ.

ಒಂದು ಕೇಬಲ್ ಎಳೆದರೆ ಮುಗಿಯಿತಲ್ಲ ಅಂತ ಎಲ್ಲರೂ ಕೇಳಿದರು. ನಾನು ಬೇಡ ಅಂದೆ. ನಮ್ಮ ಕಡೆ ಮಳೆ ಶುರುವಾಗುವ ಮುಂಚೆ ಒಮ್ಮೆ, ಮುಗಿಯುವಾಗ ಇನ್ನೊಮ್ಮೆ ಗುಡುಗು ಸಿಡಿಲಿನ ಕಾಟ. ಎರಡು ಮನೆಗೆ ಬೇರೆ ಬೇರೆ ಅರ್ಥಿಂಗ್. ನಡುವೆ ತಾಮ್ರದ ತಂತಿ ಇದ್ದರೆ, ಹತ್ತಿರ ಎಲ್ಲೋ ಸಿಡಿಲು ಬಿದ್ದರೂ ಸಾಕು, ಆ ತಂತಿಯಲ್ಲಿ ಕರೆಂಟ್ ನುಗ್ಗಿ ಎರಡೂ ಕಡೆಯ ಪೋರ್ಟ್ ಸುಡಬಹುದು. ಹೋದ ಅಕ್ಟೋಬರಿನಲ್ಲಿ ಹಾಗೇ ಒಂದು ಸೆಟ್‌ಟಾಪ್ ಬಾಕ್ಸ್ ಹೋಗಿದೆ. ಗಾಳಿಯಲ್ಲೇ ದಾಟಿಸುವುದು ಒಳ್ಳೆಯದು ಅನ್ನಿಸಿತು.

ಕಪಾಟಿನಲ್ಲಿ ಹಳೆ ರೂಟರ್ ಒಂದಿತ್ತು. 2.4 ಗಿಗಾಹರ್ಟ್ಸ್ ಮಾತ್ರ, 300 ಎಂಬಿಪಿಎಸ್‌ನದ್ದು, 8 ಎಂಬಿ ಫ್ಲ್ಯಾಶ್ (ಸಾಫ್ಟ್‌ವೇರ್ ಕೂರುವ ಜಾಗ), 64 ಎಂಬಿ ರ‍್ಯಾಮ್. ಅದರ ಮೂಲ ಸಾಫ್ಟ್‌ವೇರಿನಲ್ಲಿ ಬ್ರಿಡ್ಜ್ ಮೋಡ್ (ಎರಡು ಕಡೆಯನ್ನು ಒಂದೇ ನೆಟ್‌ವರ್ಕ್ ಮಾಡುವ ಸೌಲಭ್ಯ) ಇರಲಿಲ್ಲ, ಹಾಗಾಗಿ ರೂಟರ್‌ಗಳಿಗಾಗಿ ಇರುವ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ಸಾಫ್ಟ್‌ವೇರ್ ಹಾಕಿದೆ. 4 ಎಂಬಿ ಫ್ಲ್ಯಾಶ್, 32 ಎಂಬಿ ರ‍್ಯಾಮಿನ ಇನ್ನೂ ಹಳೆಯ ರೂಟರ್ ಆಗಿದ್ದರೆ ಈಗಿನ ಆವೃತ್ತಿ ಹಿಡಿಸುತ್ತಿರಲಿಲ್ಲ. ನಿಮ್ಮಲ್ಲಿ ಇರುವುದು ಎಷ್ಟರದ್ದು ಅಂತ ಮೊದಲು ನೋಡಿಕೊಳ್ಳಿ. ಆ ಹೆಸರಿನ ಡಬ್ಲ್ಯುಆರ್‌ಟಿ ಬಂದದ್ದು ಲಿಂಕ್‌ಸಿಸ್‌ನ ಡಬ್ಲ್ಯುಆರ್‌ಟಿ54ಜಿ ರೂಟರಿನಿಂದ. ಅದರ ಸೋರ್ಸ್ ಕೋಡ್ ಹೊರಗೆ ಬಂದ ಮೇಲೆ 2004ರಲ್ಲಿ ಈ ಯೋಜನೆ ಶುರುವಾಯಿತು. ಯಾರೋ ಎಲ್ಲೋ ಇಪ್ಪತ್ತು ವರ್ಷ ಬಿಡದೆ ಕೆಲಸ ಮಾಡಿದ್ದಕ್ಕೆ ನಮ್ಮ ಕಪಾಟಿನ ರೂಟರ್‌ಗೆ ಮತ್ತೆ ಜೀವ ಬಂತು. ನನಗೆ ಅದು ದೊಡ್ಡ ವಿಷಯ.

ಮೇ ತಿಂಗಳು, ಮೊದಲ ಶನಿವಾರ

ಓಪನ್‌ಡಬ್ಲ್ಯುಆರ್‌ಟಿ ಹಾಕಿದ ರೂಟರ್ ಹುಟ್ಟುವಾಗಲೇ 192.168.1.1 ಅನ್ನುವ ವಿಳಾಸ ಇಟ್ಟುಕೊಂಡಿರುತ್ತದೆ. ತಾರಸಿ ಮನೆಯ ಮೇನ್ ರೂಟರಿನದ್ದೂ ಅದೇ. ಒಂದೇ ಊರಲ್ಲಿ ಒಂದೇ ನಂಬರಿನ ಎರಡು ಮನೆ ಇದ್ದ ಹಾಗೆ. ಆದ್ದರಿಂದ ಮೊದಲು ಹಳೆ ರೂಟರಿನ ಲ್ಯಾನ್ ವಿಳಾಸವನ್ನು 192.168.2.1 ಮಾಡಿದೆ. ಆಮೇಲೆ ವೈರ್‌ಲೆಸ್ ಪುಟದಲ್ಲಿ ಸ್ಕ್ಯಾನ್ ಕೊಟ್ಟು, ಮೇನ್ ವೈಫೈ ಹುಡುಕಿ, ಪಾಸ್‌ವರ್ಡ್ ಹಾಕಿ ಸೇರಿಸಿದೆ. ಚಾವಡಿಯಲ್ಲಿ ಟಿವಿಯ ಪಕ್ಕ ಇಟ್ಟಾಗ ಸಿಗ್ನಲ್ ಮೈನಸ್ 70 ಡಿಬಿಎಂ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 50 ಇದ್ದರೆ ಚೆನ್ನ, 70ರಲ್ಲಿ ಕೆಲಸ ನಡೆಯುತ್ತದೆ, 80 ದಾಟಿದರೆ ತೊಂದರೆ.

ಟಿವಿಯಲ್ಲಿ ಲೈವ್ ಬಂತು. ದೊಡ್ಡಪ್ಪ ಖುಷಿಯಾದರು. ಆದರೆ ಅಮ್ಮನ ಫೋನಿನಲ್ಲಿ ಕ್ಯಾಮೆರಾ ಬರಲಿಲ್ಲ.

ಕಾರಣ ಸುಲಭ. ಸುಮ್ನೆ ಸೇರಿಸಿದರೆ ಹಳೆ ರೂಟರ್ ಸೇತುವೆ ಆಗುವುದಿಲ್ಲ, ಗೋಡೆ ಆಗುತ್ತದೆ. ಒಳಗಿನ ಟಿವಿ, ಡಿವಿಆರ್‌ಗಳಿಗೆ 192.168.2ರ ವಿಳಾಸ ಕೊಟ್ಟು, ಹೊರಗೆ ಹೋಗುವಾಗ ಎಲ್ಲವನ್ನೂ ತನ್ನ ಹೆಸರಿನಲ್ಲಿ ಕಳಿಸುತ್ತದೆ. ಒಳಗಿನಿಂದ ಹೊರಗೆ ದಾರಿ ಉಂಟು, ಹೊರಗಿನಿಂದ ಒಳಗೆ ಇಲ್ಲ. ಟಿವಿ ಮಾತ್ರ ಇದ್ದರೆ ಇಷ್ಟಕ್ಕೇ ನಿಲ್ಲಿಸಬಹುದು, ನಿಮಗೂ ಅದೇ ಸಾಕಾದರೆ ಮುಂದಿನ ತಾಪತ್ರಯ ಬೇಡ. ಡಿವಿಆರ್ ಬೇಕು ಅಂದರೆ ಎಲ್ಲವೂ 192.168.1ರ ಒಳಗೇ ಇರಬೇಕು.

ಸರಿ, ವೈಫೈ ಇಂಟರ್‌ಫೇಸನ್ನು (ರೂಟರಿನ ವೈಫೈ ಬಾಗಿಲು) ಲ್ಯಾನ್ ಬ್ರಿಡ್ಜಿನ ಒಳಗೆ, ಅಂದರೆ ಲ್ಯಾನ್ ಪೋರ್ಟುಗಳ ಗುಂಪಿಗೆ, ಸೇರಿಸಿದೆ. ಹಳೆ ರೂಟರಿನ ಡಿಎಚ್‌ಸಿಪಿಯನ್ನೂ, ಅಂದರೆ ಸಾಧನಗಳಿಗೆ ವಿಳಾಸ ಹಂಚುವ ಕೆಲಸವನ್ನೂ, ನಿಲ್ಲಿಸಿದೆ. ಈಗ ಟಿವಿಯೂ ಹೋಯಿತು. ನೆಟ್‌ವರ್ಕ್ ಪುಟದಲ್ಲಿ ಟಿವಿ ತೋರಿಸಿದ ವಿಳಾಸ 169.254ರಿಂದ ಶುರು. ಈ ನಂಬರ್ ಕಂಡರೆ ಒಂದೇ ಅರ್ಥ: ಯಾರೂ ವಿಳಾಸ ಕೊಡಲಿಲ್ಲ, ಅದು ತಾನೇ ಒಂದು ಇಟ್ಟುಕೊಂಡಿದೆ.

ಇಲ್ಲಿ ಸೆಟ್ಟಿಂಗ್ ಬದಲಿಸುತ್ತಾ ಹೋಗುವುದನ್ನು ನಿಲ್ಲಿಸಿದೆ. ಎಲ್ಲಿಯವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಒಂದೊಂದೇ ಹೆಜ್ಜೆ ನೋಡಬೇಕು. ರೂಟರ್ ಒಳಗೆ ಎಸ್‌ಎಸ್‌ಎಚ್ ಮಾಡಿ (ಲ್ಯಾಪ್‌ಟಾಪಿನಿಂದ ಕಮಾಂಡ್ ಕೊಡುವ ದಾರಿ) 192.168.1.1ಕ್ಕೆ ಪಿಂಗ್ ಕೊಟ್ಟೆ, ಅಂದರೆ ಅಲ್ಲಿದ್ದೀಯಾ ಅಂತ ಕೂಗಿ ನೋಡಿದೆ. ಉತ್ತರ ಬಂತು. ಇಂಟರ್ನೆಟ್‌ನಲ್ಲಿರುವ ಗೂಗಲ್‌ನ 8.8.8.8ಕ್ಕೆ ಕೊಟ್ಟೆ. ಅದೂ ಬಂತು. ಅಂದರೆ ಗಾಳಿಯ ಭಾಗ ಸರಿ, ಮೇನ್ ರೂಟರ್ ಸರಿ, ಫೈಬರ್ ಸರಿ. ಟಿವಿಯ ಕೇಬಲನ್ನು ಬಿಚ್ಚಿ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದೆ. ಅಲ್ಲಿಂದ ಹಳೆ ರೂಟರ್‌ಗೆ ಪಿಂಗ್ ಹೋಗುತ್ತದೆ. ಮೇನ್ ರೂಟರ್‌ಗೆ ಹೋಗುವುದಿಲ್ಲ. ಹಾಗಾದರೆ ತಪ್ಪು ಇರುವುದು ಒಂದೇ ಜಾಗದಲ್ಲಿ. ಹಳೆ ರೂಟರಿನ ಹೊಟ್ಟೆಯೊಳಗೆ, ಲ್ಯಾನ್ ಪೋರ್ಟಿನಿಂದ ವೈಫೈಗೆ ದಾಟುವಲ್ಲಿ.

ಕೈಯಿಂದಲೇ ಕಮಾಂಡ್ ಕೊಟ್ಟು ವೈಫೈಯನ್ನು ಬ್ರಿಡ್ಜಿಗೆ ಸೇರಿಸಲು ನೋಡಿದೆ. ‘ಆಪರೇಷನ್ ನಾಟ್ ಸಪೋರ್ಟೆಡ್’ ಅಂತ ಒಂದೇ ಸಾಲಿನ ಉತ್ತರ. ರೂಟರಿನ ಒಳಗಿನ ತಿರುಳು ಸಾಫ್ಟ್‌ವೇರ್ ಆದ ಲಿನಕ್ಸ್ ಕರ್ನಲ್ಲೇ ಒಪ್ಪುತ್ತಿಲ್ಲ. ವೆಬ್ ಪುಟದಲ್ಲಿ ಮಾತ್ರ ಸೇರಿದ ಹಾಗೆ ಕಾಣುತ್ತಿತ್ತು.

ಇದು ಹಟವಲ್ಲ, ಕಾರಣ ಇದೆ. ಈ ಕೆಲಸದಲ್ಲಿ ನನಗೆ ಅತ್ಯಂತ ಹಿಡಿಸಿದ ಭಾಗವೇ ಇದು. ನಾವು ಊರಿನ ವಿಳಾಸಕ್ಕೆ ಕಾಗದ ಬರೆಯುವಾಗ ‘ಕೇರಾಫ್’ ಅಂತ ಹಾಕುತ್ತೇವೆ ಅಲ್ವಾ? ಕಾಗದ ಇಂಥವರಿಗೆ, ಆದರೆ ಕೊಡಬೇಕಾದ್ದು ಇಂಥ ಅಂಗಡಿಯಲ್ಲಿ. ಸಾಮಾನ್ಯ ವೈಫೈ ಪ್ಯಾಕೆಟ್ಟಿನಲ್ಲಿ, ಅಂದರೆ ಗಾಳಿಯಲ್ಲಿ ಹೋಗುವ ಡೇಟಾದ ಕಟ್ಟಿನಲ್ಲಿ, ಆ ಕೇರಾಫ್ ಸಾಲು ಇಲ್ಲ. ಅದರಲ್ಲಿ ಮೂರು ವಿಳಾಸಕ್ಕೆ ಜಾಗ. ಮೇನ್ ರೂಟರ್ ಏನಾದರೂ ಕಳಿಸುವಾಗ ಅದರ ಮೇಲೆ ಬರೆಯುವುದು: ಯಾರಿಗೆ, ಗಾಳಿಗೆ ಬಿಡುತ್ತಿರುವ ರೂಟರ್ ಯಾವುದು, ಮೂಲದಲ್ಲಿ ಕಳಿಸಿದವರು ಯಾರು. ಗಾಳಿಯಲ್ಲಿ ಹಿಡಿದುಕೊಳ್ಳುವವನೂ ಕೊನೆಗೆ ಪಡೆಯುವವನೂ ಒಬ್ಬನೇ ಅಂತ ಲೆಕ್ಕ. ಫೋನ್, ಲ್ಯಾಪ್‌ಟಾಪ್‌ಗಳಿಗೆ ಇದು ಸರಿ. ನಮ್ಮಲ್ಲಿ ಹಿಡಿಯುವವನು ಹಳೆ ರೂಟರ್, ಪಡೆಯಬೇಕಾದವನು ಟಿವಿ. ಟಿವಿಯ ಮ್ಯಾಕ್ ವಿಳಾಸ (ಪ್ರತಿ ಸಾಧನಕ್ಕೂ ಇರುವ ಗುರುತಿನ ನಂಬರ್) ಮೇನ್ ರೂಟರಿನ ವೈಫೈ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಹೇಗೆ ಕಳಿಸುವುದು?

ನಾಲ್ಕು ವಿಳಾಸದ ಪ್ಯಾಕೆಟ್ ಕೂಡ ಇದೆ. ಡಬ್ಲ್ಯುಡಿಎಸ್ ಅನ್ನುವುದು ಅದಕ್ಕೇ. ಆದರೆ ಅದು ಎರಡೂ ಕಡೆ ಬೇಕು. ಪ್ಯಾಕೆಟ್ ಹೇಗಿರಬೇಕು ಅಂತ ವೈಫೈ ಸ್ಟ್ಯಾಂಡರ್ಡಿನಲ್ಲಿದೆ, ಎರಡು ರೂಟರ್ ಹೇಗೆ ಮಾತಾಡಿಕೊಂಡು ಅದನ್ನು ಶುರು ಮಾಡಬೇಕು ಅಂತ ಇಲ್ಲ. ಹಾಗಾಗಿ ಬೇರೆ ಬೇರೆ ಕಂಪನಿಯ ರೂಟರ್‌ಗಳ ಡಬ್ಲ್ಯುಡಿಎಸ್ ಎಷ್ಟೋ ಸಲ ಕೂಡುವುದಿಲ್ಲ. ಇಂಟರ್ನೆಟ್‌ನವರು ಕೊಟ್ಟ ನಮ್ಮ ಮೇನ್ ರೂಟರಿನಲ್ಲಿ ಆ ಆಯ್ಕೆಯೇ ಇರಲಿಲ್ಲ. ಎರಡೂ ಕಡೆ ಓಪನ್‌ಡಬ್ಲ್ಯುಆರ್‌ಟಿ ಇದ್ದರೆ ಕಣ್ಣುಮುಚ್ಚಿ ಡಬ್ಲ್ಯುಡಿಎಸ್ ಮಾಡಿ, ಅದೇ ಸರಿಯಾದ ಸೇತುವೆ.

ನನಗೆ ಉಳಿದ ದಾರಿ ರಿಲೇಡಿ ಅನ್ನುವ ಪ್ಯಾಕೇಜ್. ಅದು ಮಧ್ಯಸ್ಥನ ಹಾಗೆ ಕೂರುತ್ತದೆ. ಟಿವಿ ಎಲ್ಲಿ ಅಂತ ಮೇನ್ ರೂಟರ್ ಕೂಗಿ ಕೇಳಿದರೆ, ರಿಲೇಡಿ ‘ಇಲ್ಲೇ ಕೊಡಿ’ ಅಂತ ತನ್ನ ಮ್ಯಾಕ್ ವಿಳಾಸ ಕೊಡುತ್ತದೆ. ಬಂದದ್ದನ್ನು ಟಿವಿಗೆ ದಾಟಿಸುತ್ತದೆ. ಆ ಕಡೆಗೂ ಹಾಗೇ. ಕೇರಾಫ್ ಸಾಲಿಲ್ಲದೆಯೇ ಕೇರಾಫ್ ಕೆಲಸ.

ಮಾಡಿದ್ದು ಹೀಗೆ. ವೈಫೈಯನ್ನು ಬ್ರಿಡ್ಜಿನಿಂದ ಹೊರಗೆ ತೆಗೆದು ಬೇರೆ ಇಂಟರ್‌ಫೇಸ್ ಮಾಡಿದೆ. ಅದಕ್ಕೆ ಮೇನ್ ರೂಟರಿನಿಂದ 192.168.1.23 ಸಿಕ್ಕಿತು. ಹಳೆ ರೂಟರ್‌ಗೆ ಹೇಗೂ ಇಂಟರ್ನೆಟ್ ಇತ್ತಲ್ಲ, ಪ್ಯಾಕೇಜ್ ನೇರ ಅಲ್ಲಿಗೇ ಇಳಿಯಿತು. ಆಮೇಲೆ ರಿಲೇ ಬ್ರಿಡ್ಜ್ ಅಂತ ಮೂರನೆಯ ಇಂಟರ್‌ಫೇಸ್ ಮಾಡಿ, ಅದರಲ್ಲಿ ಲ್ಯಾನ್ ಮತ್ತು ವೈಫೈ ಎರಡನ್ನೂ ಟಿಕ್ ಹಾಕಿದೆ. ಫೈರ್‌ವಾಲಿನಲ್ಲಿ (ಒಳಗೆ ಬರುವುದನ್ನು ತಡೆಯುವ ಕಾವಲು) ವೈಫೈ ಇಂಟರ್‌ಫೇಸ್ ತಾನಾಗಿ ವ್ಯಾನ್ ವಲಯಕ್ಕೆ, ಅಂದರೆ ಹೊರಗಿನವರ ಪಟ್ಟಿಗೆ, ಹೋಗಿ ಕೂತಿರುತ್ತದೆ. ಅದನ್ನು ಲ್ಯಾನ್ ವಲಯಕ್ಕೆ ತರಬೇಕು, ಇಲ್ಲದಿದ್ದರೆ ಹೊರಗಿನಿಂದ ಬರುವುದು ಬಾಗಿಲಲ್ಲೇ ನಿಲ್ಲುತ್ತದೆ.

ರೀಬೂಟ್ ಮಾಡಿದೆ. ಟಿವಿಗೆ 192.168.1.37 ಬಂತು. ಲ್ಯಾಪ್‌ಟಾಪಿನಲ್ಲಿ ಎಆರ್‌ಪಿ ಪಟ್ಟಿ (ಯಾವ ಐಪಿ ವಿಳಾಸಕ್ಕೆ ಯಾವ ಮ್ಯಾಕ್ ಅನ್ನುವ ಪಟ್ಟಿ) ತೆಗೆದು ನೋಡಿದರೆ, ಮೇನ್ ರೂಟರಿನ ಐಪಿಯ ಮುಂದೆ ಇದ್ದದ್ದು ಹಳೆ ರೂಟರಿನ ಮ್ಯಾಕ್. ರಿಲೇಡಿ ಹೇಳಿದ ಕೆಲಸವನ್ನೇ ಮಾಡುತ್ತಿದೆ ಅಂತ ಕಣ್ಣಾರೆ ಕಂಡ ಹಾಗಾಯಿತು. ಡಿವಿಆರ್‌ಗೆ 192.168.1.50 ಅಂತ ಖಾಯಂ ವಿಳಾಸ ಹಾಕಿದೆ. ಅಮ್ಮನ ಫೋನಿನಲ್ಲಿ ಅಡಿಕೆ, ಅಡಿಕೆಯ ಮಧ್ಯೆ ಓಡಾಡುವ ಕೋಳಿ, ಎರಡೂ ಕಂಡವು.

ರಿಲೇಡಿಯ ಮಿತಿಯನ್ನೂ ಹೇಳಬೇಕು. ಅದು ಐಪಿವಿ4, ಅಂದರೆ 192.168ರಂಥ ಹಳೆ ಬಗೆಯ ವಿಳಾಸದ್ದನ್ನು, ಮಾತ್ರ ದಾಟಿಸುತ್ತದೆ. ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ಕೂಗಿ ಹೇಳುವ ಸಂದೇಶ) ದಾಟುವುದಿಲ್ಲ, ಹಾಗಾಗಿ ಫೋನಿನಿಂದ ಟಿವಿಗೆ ಕ್ಯಾಸ್ಟ್ ಮಾಡಲು ಹೋದರೆ ಟಿವಿಯ ಹೆಸರೇ ಕಾಣುವುದಿಲ್ಲ. ನಮಗೆ ಅದು ಬೇಕಿರಲಿಲ್ಲ.

ಮೇ ಕೊನೆ

ಗುರುವಾರ ಸಂಜೆ ದೊಡ್ಡಪ್ಪನ ಫೋನ್. ನಾನು ಮಂಗಳೂರಿನಲ್ಲಿದ್ದೆ. “ಲೈಟ್ ಎಲ್ಲ ಉರಿತಾ ಉಂಟು ಮಾರಾಯ, ಟಿವಿಯಲ್ಲಿ ಎಂತದೂ ಬರುದಿಲ್ಲ.” ಹಿಂದಿನ ರಾತ್ರಿ ಗುಡುಗು ಮಳೆ ಬಂದು ಕರೆಂಟ್ ಹೋಗಿತ್ತಂತೆ. ಅಡಾಪ್ಟರ್ ಕಿತ್ತು ಹಾಕಿಸಿದೆ. ಉಪಯೋಗ ಆಗಲಿಲ್ಲ. ಸಿಡಿಲಿಗೆ ಹೋಯಿತೇನೋ ಅಂತ ಮನಸ್ಸಿಗೆ ಬೇಜಾರಾಯಿತು.

ಶನಿವಾರ ಬಸ್ ಹತ್ತಿ ಹೋದೆ. ಲ್ಯಾಪ್‌ಟಾಪ್ ಸಿಕ್ಕಿಸಿದೆ. ಇಲ್ಲಿ ಒಂದು ಮಾತು: ಡಿಎಚ್‌ಸಿಪಿ ನಿಲ್ಲಿಸಿದ ರೂಟರ್ ವಿಳಾಸ ಕೊಡುವುದಿಲ್ಲ, ಸಂಪರ್ಕ ಕಡಿದಾಗ ಮೇನ್ ರೂಟರಿನಿಂದಲೂ ಬರುವುದಿಲ್ಲ. ಲ್ಯಾಪ್‌ಟಾಪಿಗೆ ಕೈಯಾರೆ 192.168.2.10 ಹಾಕಿದರೆ ಮಾತ್ರ ಒಳಗೆ ಹೋಗಬಹುದು. ಗೊತ್ತಿಲ್ಲದಿದ್ದರೆ ರೂಟರ್ ಸತ್ತಿದೆ ಅಂತಲೇ ಅನ್ನಿಸುತ್ತದೆ.

ಸ್ಕ್ಯಾನ್ ಕೊಟ್ಟೆ. ರಸ್ತೆಯಾಚೆಯ ಎರಡು ಮನೆಯ ವೈಫೈ ಕಂಡವು. ನಮ್ಮದೇ ಮೇನ್ ವೈಫೈ ಇಲ್ಲ. ಅದೇ ಜಾಗದಲ್ಲಿ ನನ್ನ ಫೋನ್ ಹಿಡಿದರೆ ಫೋನಿಗೆ ಕಾಣುತ್ತದೆ. ದೂರದ ಮನೆಯದ್ದು ಕೇಳಿಸುವ ರೂಟರ್‌ಗೆ ಅಂಗಳದಾಚೆಯದ್ದು ಕೇಳುವುದಿಲ್ಲ ಅಂದರೆ ಅದು ಸಿಗ್ನಲ್ ವಿಷಯ ಅಲ್ಲ. ಫೋನಿನ ವೈಫೈ ಅನಲೈಸರ್ ತೆಗೆದೆ. ಮೇನ್ ವೈಫೈ ಚಾನಲ್ 13ರಲ್ಲಿ ಕೂತಿತ್ತು.

ಈಗ ಅರ್ಥ ಆಯಿತು. ಮೇನ್ ರೂಟರಿನ ಚಾನಲ್ ಆಟೋದಲ್ಲಿತ್ತು. ಕರೆಂಟ್ ಹೋಗಿ ಬಂದಾಗ ಅದು ಹೊಸದಾಗಿ ಹುಡುಕಿ 13 ಹಿಡಿಯಿತು. ಭಾರತದಲ್ಲಿ ಇದು ಪೂರ್ತಿ ಸರಿ. 2400ರಿಂದ 2483.5 ಮೆಗಾಹರ್ಟ್ಸ್ ತನಕ ಲೈಸೆನ್ಸ್ ಇಲ್ಲದೆ ಬಳಸಲು 2005ರಲ್ಲೇ ಬಿಟ್ಟಿದ್ದಾರೆ, ಚಾನಲ್ 13ರ ನಡುಬಿಂದು 2472, ಅದರೊಳಗೇ ಬರುತ್ತದೆ. ಆದರೆ ಅಮೆರಿಕದ ಲೆಕ್ಕದಲ್ಲಿ ರೂಟರ್‌ಗಳು 11ಕ್ಕೇ ನಿಲ್ಲುತ್ತವೆ. ಹಳೆ ರೂಟರಿನ ವೈರ್‌ಲೆಸ್ ಪುಟದಲ್ಲಿ ದೇಶ ಅನ್ನುವ ಕಾಲಂ ನೋಡಿದೆ. ಯುಎಸ್ ಅಂತ ಇತ್ತು. ನಾನೇ ಎಲ್ಲಿಂದಲೋ ತೆಗೆದು ಇಟ್ಟಿದ್ದ ಒಂದು ಸೆಟ್ಟಿಂಗ್ ಫೈಲನ್ನು ಆ ದಿನ ಹಾಗೇ ಹಾಕಿದ್ದೆ, ದೇಶ ಬದಲಿಸಿರಲಿಲ್ಲ. ಹತ್ತಿಪ್ಪತ್ತು ದಿನ ಮೇನ್ ರೂಟರ್ 1ರಲ್ಲೋ 6ರಲ್ಲೋ ಇದ್ದದ್ದರಿಂದ ಗೊತ್ತಾಗಲೇ ಇಲ್ಲ.

ದೇಶ ಐಎನ್ ಮಾಡಿದೆ. ಸ್ಕ್ಯಾನಿನಲ್ಲಿ ನಮ್ಮ ವೈಫೈ ತಕ್ಷಣ ಕಂಡಿತು. ಅಷ್ಟಕ್ಕೇ ಬಿಡದೆ ಮೇನ್ ರೂಟರಿನಲ್ಲಿ ಆಟೋ ತೆಗೆದು ಚಾನಲ್ 11, ಅಗಲ 20 ಮೆಗಾಹರ್ಟ್ಸ್ ಅಂತ ಖಾಯಂ ಮಾಡಿದೆ. ರಸ್ತೆಯಾಚೆಯವರು ಇಬ್ಬರೂ 1ರಲ್ಲಿದ್ದರು. ಚಾನಲ್‌ಗಳ ನಡುವೆ 5 ಮೆಗಾಹರ್ಟ್ಸ್ ಮಾತ್ರ ಅಂತರ, ಒಂದು ವೈಫೈ ತಿನ್ನುವ ಜಾಗ 20. ಆದ್ದರಿಂದ 1, 6, 11 ಹಿಡಿದರೆ ಒಂದರ ಮೇಲೊಂದು ಬೀಳುವುದಿಲ್ಲ. ಸೇತುವೆ ಮಾಡಿದ ಮೇಲೆ ಮೇನ್ ಚಾನಲನ್ನು ಆಟೋದಲ್ಲಿ ಬಿಡಲೇಬಾರದು ಅನ್ನುವುದು ನನ್ನ ಅಭಿಪ್ರಾಯ.

ಜೂನ್, ಮಳೆ

ಮಳೆ ಹಿಡಿದ ವಾರ ಹೊಸ ದೂರು. ಜೋರು ಮಳೆ ಬಂದಾಗ ಚಿತ್ರ ನಿಲ್ಲುತ್ತದೆ, ಮಳೆ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಹಾಗೇ. ನೋಡಿದರೆ ಚಾವಡಿಯಲ್ಲಿ ಸಿಗ್ನಲ್ ಮೈನಸ್ 80, 81. ಬೇಸಿಗೆಯ 70ರಿಂದ 10 ಡಿಬಿ ಇಳಿದಿದೆ. 10 ಡಿಬಿ ಅಂದರೆ ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದದ್ದು.

30 ಮೀಟರಿನಲ್ಲಿ ಮಳೆಹನಿ 2.4 ಗಿಗಾಹರ್ಟ್ಸ್‌ಗೆ ಏನೂ ಮಾಡುವುದಿಲ್ಲ. ಮಾಡುವುದು ಒದ್ದೆ. ಹಲಸಿನ ಮರದ ಒದ್ದೆ ಎಲೆ ಒಂದು. ಅದಕ್ಕಿಂತ ಜಾಸ್ತಿ ಮುರಕಲ್ಲಿನ ಗೋಡೆ. ಒಂದೂವರೆ ಅಡಿ ದಪ್ಪ, ತೂತು ತೂತಿನ ಕಲ್ಲು, ಮಳೆಗಾಲದಲ್ಲಿ ನೀರು ಕುಡಿದು ಕೂರುತ್ತದೆ. ಅಂಗಳದ ಕಡೆಯ ಗೋಡೆಗೆ ಒಳಗಿನಿಂದ ಕೈ ಇಟ್ಟರೆ ತಣ್ಣಗೆ ಅಂಟುತ್ತದೆ. ರೂಟರ್ ಆ ಗೋಡೆಯ ಹಿಂದೆ ಇತ್ತು.

ಫೋನ್ ಹಿಡಿದು ಮನೆಯೆಲ್ಲಾ ಸುತ್ತಿದೆ. ಕಿಟಕಿಯ ಹತ್ತಿರ ಸ್ವಲ್ಪ ವಾಸಿ. ಆಮೇಲೆ ಏಣಿ ಹಾಕಿ ಅಟ್ಟ ಹತ್ತಿದೆ. ಅಲ್ಲಿ ಸಿಗ್ನಲ್ ನೆಗೆದೇಬಿಟ್ಟಿತು. ಗೋಡೆ ಅಟ್ಟದ ಮಟ್ಟಕ್ಕೆ ಮುಗಿಯುತ್ತದೆ, ಮೇಲೆ ಬರೀ ಪಕ್ಕಾಸು, ರೀಪು, ಹಂಚು. ಬೆರಳಿನಷ್ಟು ದಪ್ಪದ ಸುಟ್ಟ ಮಣ್ಣು ಆ ಗೋಡೆಯ ಮುಂದೆ ಏನೂ ಅಲ್ಲ.

ಅಂಗಳದ ಕಡೆಯ ಇಳಿಜಾರಿನ ಕೆಳಗೆ ಪಕ್ಕಾಸಿಗೆ ಒಂದು ಹಲಗೆ ಹೊಡೆದು ರೂಟರ್ ಇಟ್ಟೆ. ಹಂಚು ಎಲ್ಲಾದರೂ ಸೋರಿದರೆ ಅಂತ ಮೇಲೆ ಪ್ಲಾಸ್ಟಿಕ್ ಡಬ್ಬದ ಮುಚ್ಚಳವನ್ನು ಓರೆಯಾಗಿ ಕಟ್ಟಿದೆ. ತಗಡು ಇತ್ತು, ಹಾಕಲಿಲ್ಲ, ತಗಡು ಸಿಗ್ನಲನ್ನೇ ತಡೆಯುತ್ತದೆ. ಲ್ಯಾನ್ ಕೇಬಲ್ ಎರಡನ್ನೂ ಇಲಿ ಕಡಿಯದ ಹಾಗೆ ಪಿವಿಸಿ ಪೈಪಿನೊಳಗೆ ಇಳಿಸಿ ಟಿವಿಯ ಹಿಂದೆ ತಂದೆ. ಮಳೆ ಸುರಿಯುತ್ತಿದ್ದಾಗಲೇ ನೋಡಿದೆ, ಮೈನಸ್ 63. ಲ್ಯಾಪ್‌ಟಾಪ್ ಸಿಕ್ಕಿಸಿ ಸ್ಪೀಡ್ ನೋಡಿದರೆ 38 ಎಂಬಿಪಿಎಸ್. ಎಚ್‌ಡಿ ಲೈವ್‌ಗೆ ಅದರ ಕಾಲು ಭಾಗ ಸಾಕು.

ಜುಲೈ

ಮತ್ತೆ ನಿಂತಿತು. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇಲ್ಲ, ತಾಳಮದ್ದಳೆಯ ಕಾಲ. ಅರ್ಥದಾರಿಗಳ ಸಂವಾದ ಬಿಸಿಯಾಗುವ ಹೊತ್ತಿಗೆ ಎರಡು ನಿಮಿಷ ಚಿತ್ರ ಹೋಗಿ, ತಾನಾಗಿ ಮತ್ತೆ ಬರುತ್ತದೆ. ದೊಡ್ಡಪ್ಪ ಹೇಳುವ ಪ್ರಕಾರ ಮಳೆ ಇಲ್ಲದ ದಿನವೂ ಹಾಗೇ. ಸಿಗ್ನಲ್ ಮೈನಸ್ 62. ಚಾನಲ್ 11. ಎಲ್ಲ ಸರಿ ಇದೆ.

ಲಾಗ್, ಅಂದರೆ ರೂಟರ್ ಬರೆದಿಡುವ ದಿನಚರಿ, ತೆಗೆದೆ. ಅದರಲ್ಲಿ ತಪ್ಪಿನ ಸುಳಿವೇ ಇಲ್ಲ, ಶುರುವಾದದ್ದು ಮಾತ್ರ ಇದೆ. ಆಗ ಹೊಳೆಯಿತು. ಓಪನ್‌ಡಬ್ಲ್ಯುಆರ್‌ಟಿ ಲಾಗನ್ನು ರ‍್ಯಾಮಿನಲ್ಲಿ ಇಡುತ್ತದೆ, ರೀಬೂಟ್ ಆದರೆ ಹಿಂದಿನದ್ದು ಹೋಯಿತು. ಎಷ್ಟು ಹೊತ್ತಿನಿಂದ ಓಡುತ್ತಿದೆ ಅಂತ ಹೇಳುವ ಅಪ್‌ಟೈಮ್ ಕಮಾಂಡ್ ಕೊಟ್ಟೆ. 11 ನಿಮಿಷ ಅಂತ ಬಂತು. ನಾಲ್ಕು ದಿನದಿಂದ ಯಾರೂ ಮುಟ್ಟದ ರೂಟರ್ 11 ನಿಮಿಷದ ಹಿಂದೆ ಹುಟ್ಟಿದೆ. ಅಂದರೆ ಸಂಪರ್ಕ ಕಡಿಯುತ್ತಿಲ್ಲ, ರೂಟರೇ ಆರಿ ಹತ್ತುತ್ತಿದೆ.

ಅಡಾಪ್ಟರ್ 9 ವೋಲ್ಟ್, 0.6 ಆಂಪಿಯರ್. ಕಿತ್ತು ಮೀಟರ್ ಹಿಡಿದರೆ 9.3 ವೋಲ್ಟ್, ಏನೂ ತಪ್ಪಿಲ್ಲ. ಆದರೆ ಖಾಲಿ ಇದ್ದಾಗ ಅಳೆದರೆ ಪ್ರಯೋಜನ ಇಲ್ಲ. ರೂಟರ್‌ಗೆ ಹಾಕಿಕೊಂಡೇ, ವಯರಿನ ಸಿಪ್ಪೆ ಸ್ವಲ್ಪ ಬಿಡಿಸಿ ಅಳೆದೆ. ಸುಮ್ಮನಿದ್ದಾಗ 8.6. ಟಿವಿಯಲ್ಲಿ ಲೈವ್ ಹಚ್ಚಿಸಿದೆ. 8, 7.7, 7.4 ಅಂತ ಇಳಿಯುತ್ತಾ ಹೋಗಿ ಲೈಟ್ ಎಲ್ಲ ಒಮ್ಮೆಲೇ ಆರಿ ಮತ್ತೆ ಹತ್ತಿದವು. ಅಡಾಪ್ಟರ್ ಬಿಚ್ಚಿದರೆ ಒಳಗೆ ಒಂದು ಕೆಪಾಸಿಟರಿನ ತಲೆ ಉಬ್ಬಿತ್ತು.

ಉಡುಪಿಯಿಂದ 9 ವೋಲ್ಟ್, 1 ಆಂಪಿಯರಿನದ್ದು ತಂದೆ. ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅಂತ ಮಾತ್ರ ಹಳೆಯದರ ಜೊತೆ ಹೋಲಿಸಿ ನೋಡಿ. ಲೈವ್ ಓಡುವಾಗ ಈಗ 9ರಿಂದ ಕೆಳಗೆ ಬರುವುದಿಲ್ಲ. ನಿನ್ನೆ ಮಂಗಳೂರಿನಿಂದಲೇ ಅಮ್ಮನಿಗೆ ಹೇಳಿ ಅವರ ಫೋನಿನಲ್ಲಿ 192.168.1.23ರ ಪುಟ ತೆಗೆಸಿದೆ. ಅಪ್‌ಟೈಮ್ 16 ದಿನ.

ಒಂದು ಕೆಲಸ ಉಳಿದಿತ್ತು. ಗುಡುಗಿದಾಗ ದೊಡ್ಡಪ್ಪ ಪ್ಲಗ್ ಕೀಳುತ್ತಾರೆ, ಅಟ್ಟದಲ್ಲಿದ್ದರೆ ಅವರ ಕೈಗೆ ಸಿಗುವುದಿಲ್ಲ. ಆ ವಯಸ್ಸಿನಲ್ಲಿ ಏಣಿ ಹತ್ತಿಸುವ ಹಾಗಿಲ್ಲ. ಅಡಾಪ್ಟರನ್ನು ಕೆಳಗೆ ಟಿವಿಯ ಸ್ವಿಚ್‌ಬೋರ್ಡಿಗೇ ತಂದು, 9 ವೋಲ್ಟಿನ ವಯರನ್ನು ಮಾತ್ರ ಪೈಪಿನಲ್ಲಿ ಮೇಲೆ ಕಳಿಸಿದೆ. ಐದು ಮೀಟರ್ ಆಯಿತು, ದಪ್ಪ ವಯರ್ ಹಾಕಿದ್ದರಿಂದ ಅಟ್ಟದ ತುದಿಯಲ್ಲೂ 8.9 ಇದೆ. ಸ್ವಿಚ್‌ಬೋರ್ಡಿನ ಪಕ್ಕ ಒಂದು ಚೀಟಿ ಅಂಟಿಸಿದ್ದೇನೆ: ರೂಟರ್ 192.168.2.1, ಲ್ಯಾಪ್‌ಟಾಪಿಗೆ 192.168.2.10, ಮೇನ್ ಚಾನಲ್ 11, ದೇಶ ಐಎನ್. ಅದರ ಕೆಳಗೆ ದೊಡ್ಡಪ್ಪ ಪೆನ್ಸಿಲಿನಲ್ಲಿ ಬರೆದಿದ್ದಾರೆ, ಗುಡುಗಿದರೆ ಎರಡನೇ ಪ್ಲಗ್.